ಹತ್ತರವರೆಗೆ ತಿರುಗಿಸಿದರೂ

ಹತ್ತರವರೆಗೆ ತಿರುಗಿಸಿದರೂ
ಗೋಡೆಯಾಚೆಯ ಪಿಸುಮಾತಿನಷ್ಟೇ ಹಾಡು.
ಕೆಟಲ್ ಕುದಿಯತೊಡಗಿದರೆ ಅದೂ ಇಲ್ಲ.

ತ್ಬಿಲಿಸಿಯ ಗ್ಲ್ದಾನಿ ಬಡಾವಣೆ, ಒಂಬತ್ತನೆಯ ಮಹಡಿ.
ಲಿಫ್ಟು ಹತ್ತು ತೆತ್ರಿ ನುಂಗಿದ ಮೇಲೇ ಮೇಲೇರುವುದು.
ಮಾಕ್ವಾಲಾ ರಾತ್ರಿಯಿಡೀ ರೊಟ್ಟಿ ಸುಡುವವಳು,
ಬಾವಿಯಂಥ ಒಲೆಯ ಒಳಗೋಡೆಗೆ ಹಿಟ್ಟು ತಟ್ಟಿ ತಟ್ಟಿ
ಮುಂಗೈ ರೋಮವೆಲ್ಲ ಎಂದೋ ಸುಟ್ಟುಹೋಗಿದೆ.

ಅಣ್ಣ ಝೌರಿ ಪೋಲೆಂಡಿಗೆ ಹೊರಟಾಗ ಬಿಟ್ಟದ್ದು
ಒಂದು ಜಪಾನಿ ಆಂಪ್ಲಿಫೈಯರ್, ಒಂದು ಟರ್ನ್‌ಟೇಬಲ್,
ಕುರಿಯಷ್ಟು ಕುರಿಯಷ್ಟು ತೂಗುವ ಎರಡು ಸ್ಪೀಕರ್,
ಆಮೇಲೆ ಬಾಗಿಲಲ್ಲಿ ನಿಂತು ಒಂದು ಮಾತು:
ಧೂಳು ಒರೆಸುತ್ತಿರು.
ಆರು ತಿಂಗಳು ಒರೆಸಿದಳು.
ಏಳನೆಯದರಲ್ಲಿ ತಟ್ಟೆ ಹಾಕಿ ನೋಡಿದಳು.

ಕೈಯಲ್ಲಿದ್ದದ್ದು ಮೂವತ್ತು ಲಾರಿ.
ಅಲ್ಲಿಯ ದುಡ್ಡಿನ ಹೆಸರು ಲಾರಿ,
ಝೌರಿ ಪೋಲೆಂಡಿನಲ್ಲಿ ಓಡಿಸುವುದೂ ಲಾರಿಯೇ.
ಈ ತಮಾಷೆ ಕನ್ನಡಕ್ಕೆ ಮಾತ್ರ ಗೊತ್ತು,
ಮಾಕ್ವಾಲಾ ನಕ್ಕಿಲ್ಲ.

ಒಣಸೇತುವೆಯ ಸಂತೆಯಲ್ಲಿ
ಯಾರದೋ ಯುದ್ಧದ ಪದಕ, ಕಣ್ಣಿಲ್ಲದ ಕ್ಯಾಮೆರಾಗಳ ನಡುವೆ
ನುಗ್ಜಾರ್ ಕುಳಿತಿದ್ದ, ಸೂರ್ಯಕಾಂತಿ ಬೀಜ ಬಿಡಿಸುತ್ತ.
ಮುಳ್ಳಿನ ದನಿ ಅಂದರೆ ಏನು ತಾಯಿ?
ಇರುವೆ ಕೆಮ್ಮಿದಷ್ಟು.
ಅದನ್ನು ಹೆಗಲ ಮೇಲೆ ಹೊತ್ತು ನಿಲ್ಲುವವನೊಬ್ಬ ಬೇಕು.
ಎಂದು ಎತ್ತಿಕೊಟ್ಟ ಬೆಂಕಿಪೊಟ್ಟಣದಂಥ ಡಬ್ಬಿ, ಪ್ರಿಆಂಪ್.
ಮೂವತ್ತೈದು ಅಂದ. ಅವಳು ಹೊರಟಳು.
ಇಪ್ಪತ್ತೆರಡು ಅಂದ. ತಿರುಗಿ ಬಂದಳು.

ಮನೆಯಲ್ಲಿ ಇರುವೆ ಮತ್ತೊಮ್ಮೆ ಕೆಮ್ಮಿತು.

ಇನ್ನು ಖರ್ಚಿಲ್ಲದ ಕೆಲಸ.
ಹಿಂದೆ ಬಗ್ಗಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ ನೋಡಿದರೆ
ಎಡ ಸ್ಪೀಕರಿನ ಕೆಂಪು ತಂತಿ ಕರಿಯದರ ಮನೆಯಲ್ಲಿ,
ಕರಿಯದು ಕೆಂಪಿನದರಲ್ಲಿ.
ಒಬ್ಬ ಮುಂದಕ್ಕೆ ತಳ್ಳಿದ್ದನ್ನು ಇನ್ನೊಬ್ಬ ಹಿಂದಕ್ಕೆ ಎಳೆಯುತ್ತ
ಇಷ್ಟು ದಿನ ಸಂಸಾರ ನಡೆಸಿದ್ದವು.
ಅದಲು ಬದಲು ಮಾಡಿದಳು. ಹೊಟ್ಟೆಯೊಳಗಿನ ದಪ್ಪ ಸ್ವರ ಬಂತು,
ಆದರೂ ಮೆಲ್ಲಗೆ, ಕ್ಷಮೆ ಕೇಳಿಕೊಂಡು.

ಗುಬಟು ತಿರುಗಿಸಿದರೆ ಕರಕರ ಅನ್ನುತ್ತಿತ್ತು.
ಅದನ್ನು ತೊಳೆಯುವ ಸ್ಪ್ರೇಗೆ ಹದಿನೆಂಟು.
ಉಳಿದದ್ದು ಎಂಟು. ಹಾಗಾಗಿ ಪ್ಲಗ್ಗು ಕಿತ್ತು, ಮುಚ್ಚಳ ಬಿಚ್ಚಿ,
ಮಾವ ತಂದಿದ್ದ ದ್ರಾಕ್ಷಿಯ ಚಾಚಾ ನಾಲ್ಕು ಹನಿ ಬಿಟ್ಟಳು.
ಐದನೆಯದು ತನಗೆ.
ಎರಡು ದಿನ ರೇಡಿಯೇಟರಿನ ಪಕ್ಕ ಒಣಗಿತು ಯಂತ್ರ.
ಕರಕರ ಹೋಯಿತು.
ದನಿ ಅಲ್ಲೇ ಇತ್ತು, ಬಾವಿಯ ತಳದಲ್ಲಿ.

ಭಾನುವಾರ ಫೋನು ಮಾಡಿದಳು.
ನಿನ್ನ ಯಂತ್ರಕ್ಕೆ ನೆಗಡಿ, ಮೂಗು ಕಟ್ಟಿದೆ.
ಅತ್ತ ಹೆದ್ದಾರಿಯ ಗಾಳಿ, ಟ್ರಕ್ಕುಗಳ ಸಾಲು.
ಗುಬಟಿನ ಎಡಕ್ಕೆ ಕಡಲೆಯಷ್ಟು ಒಂದು ಗುಂಡಿ, ಒಳಗೆ ಹೋಗಿದೆಯಾ?
ಹೋಗಿದೆ.
ಅದು ದನಿ ಅಡಗಿಸುವ ಗುಂಡಿ. ನಾನೇ ಒತ್ತಿದ್ದು.
ಯಾವಾಗ?
ನೀನು ಬೇಕರಿಗೆ ಸೇರಿದ ವಾರ.
ಬೆಳಿಗ್ಗೆ ಆರಕ್ಕೆ ಬಂದು ಬೂಟಿನ ಸಮೇತ ಬೀಳುತ್ತಿದ್ದೆಯಲ್ಲ.

ಹನ್ನೊಂದು ವರ್ಷ.
ಅವನು ಸ್ಪೀಕರಿಗೆ ಕಿವಿ ಹಚ್ಚಿ ಕೂರುತ್ತಿದ್ದದ್ದನ್ನು
ಅವಳು ಚಟ ಅಂದುಕೊಂಡಿದ್ದಳು.
ಅದಕ್ಕೊಂದು ಅಡ್ಡಹೆಸರೂ ಇಟ್ಟಿದ್ದಳು, ಇಲ್ಲಿ ಬೇಡ.

ಏನೂ ಹೇಳದೆ ಗುಂಡಿ ಒತ್ತಿದಳು. ಟಕ್.
ತಟ್ಟೆ ತಿರುಗುತ್ತಲೇ ಇತ್ತು,
ಗುಬಟು ಹತ್ತರಲ್ಲೇ ಇತ್ತು, ಮರೆತಿದ್ದಳು.

ಕಪಾಟಿನ ಗಾಜು, ಲೋಟ, ಮೂಳೆ, ಎಲ್ಲ ಒಮ್ಮೆಗೇ.
ಕೆಳಮನೆಯ ಸಿಸಿನೋ ಅಜ್ಜಿ
ರೇಡಿಯೇಟರಿನ ಕೊಳವೆಗೆ ಸೌಟಿನಿಂದ ಬಾರಿಸಿದಳು.
ಕೇಳಿಸಿತು ಕೇಳಿಸಿತು, ಇಳಿಸು, ಎಂದು ಫೋನಿನಲ್ಲಿ ಝೌರಿ,
ಇಳಿಸಬೇಡ, ಒಂದು ನಿಮಿಷ.

ನುಗ್ಜಾರ್ ಡಬ್ಬಿಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ.
ಮಾರಿದ ಮಾಲು, ಕೊಟ್ಟ ಮಗಳು, ಅಂದ.
ಒಂದು ಹಿಡಿ ಬೀಜ ಕೊಟ್ಟ.
ಅವಳು ಅಲ್ಲೇ ನಿಂತು ಅಷ್ಟನ್ನೂ ತಿಂದಳು,
ಸಿಪ್ಪೆಯನ್ನು ಅವನ ಪದಕಗಳ ಮೇಲೆಯೇ ಉಗಿಯುತ್ತ.